ಕ್ಲೌಡ್‌ಗೆ ಲಿಂಕ್ ಎಳೆಯೋ ಮುಂಚೆ ಸ್ಲ್ಯಾಶ್ 30ರ ಲೆಕ್ಕ

ಆಫೀಸ್ ರೌಟರ್‌ನಿಂದ ಕ್ಲೌಡ್‌ಗೆ ಪ್ರೈವೇಟ್ ಲಿಂಕ್ ಬರ್ತಿದೆ ಅಂದ್ರೆ ಎಲ್ರೂ ಸ್ಪೀಡ್ ಎಷ್ಟು ಬಿಲ್ ಎಷ್ಟು ಅಂತ ತಲೆ ಕೆಡಿಸ್ಕೋತಾರೆ, ಲಿಂಕ್‌ನ ಎರಡು ತುದಿಗೆ ಐಪಿ ಕೊಡುವಾಗ ಮಾಸ್ಕ್ (ಆ ನೆಟ್‌ವರ್ಕ್‌ನಲ್ಲಿ ಎಷ್ಟು ಐಪಿ ಅಂತ ಹೇಳೋ ಅಂಕಿ) ಏನು ಹಾಕ್ಬೇಕು ಅನ್ನೋದನ್ನ ಮಾತ್ರ ಲಿಂಕ್ ಆನ್ ಮಾಡೋ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳ್ತಾರೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್, ಅಲ್ಲಿ ಇಂಥ ಪ್ರೈವೇಟ್ ಲಿಂಕ್‌ಗೆ ಎಕ್ಸ್‌ಪ್ರೆಸ್‌ರೂಟ್ ಅಂತಾರೆ, ಅದನ್ನೇ ಇಟ್ಕೊಂಡು ಲೆಕ್ಕ ಹಾಕೋಣ.

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಮಾಸ್ಕ್ ನಮ್ಮಿಷ್ಟ ಅಲ್ಲ. ಎರಡು ರೌಟರ್ ಮಧ್ಯೆ ಬೇಕಾಗಿರೋದು ಎರಡೇ ಐಪಿ, 2000ನೇ ಇಸವಿಯ ಆರ್‌ಎಫ್‌ಸಿ 3021 ಅನ್ನೋ ಇಂಟರ್ನೆಟ್ ನಿಯಮದ ಪ್ರಕಾರ ಸ್ಲ್ಯಾಶ್ 31, ಅಂದ್ರೆ ಎರಡೇ ಐಪಿಯ ಮಾಸ್ಕ್, ಸಾಕು, ನಮ್ಮದೇ ರೌಟರ್‌ಗಳ ಮಧ್ಯೆ ನಾನೂ ಅದನ್ನೇ ಹಾಕೋದು. ಆದ್ರೆ ಎಕ್ಸ್‌ಪ್ರೆಸ್‌ರೂಟ್ ಕೇಳೋದು ಸ್ಲ್ಯಾಶ್ 30, ಅಂದ್ರೆ 255.255.255.252. ಅದ್ರಲ್ಲಿರೋ ನಾಲ್ಕು ಐಪಿಲಿ ಮೊದಲನೇದು ನೆಟ್‌ವರ್ಕ್‌ನ ಹೆಸರಿಗೆ, ಕೊನೇದು ಎಲ್ರಿಗೂ ಒಟ್ಟಿಗೆ ಕಳಿಸೋ ಬ್ರಾಡ್‌ಕಾಸ್ಟ್‌ಗೆ ಹೋಗಿ ಮಧ್ಯದ ಎರಡು ಉಳಿಯುತ್ತೆ. ಎರಡು ದಂಡ ಆಯ್ತಲ್ಲ ಅನ್ಸಿದ್ರೆ ಇರ್ಲಿ ಬಿಡಿ, ಪ್ರೈವೇಟ್ ಐಪಿಗೇನೂ ಬರ ಬಂದಿಲ್ಲ.

ಈಗ ಐಪಿಗಳ ಬ್ಲಾಕ್ ಆರಿಸೋದು. ಎಕ್ಸ್‌ಪ್ರೆಸ್‌ರೂಟ್‌ನ ಒಂದು ಕನೆಕ್ಷನ್‌ಗೆ (ಸರ್ಕ್ಯೂಟ್ ಅಂತಾರೆ) ಎರಡು ಲಿಂಕ್ ಇರುತ್ತೆ, ಪ್ರೈಮರಿ ಒಂದು ಸೆಕೆಂಡರಿ ಒಂದು, ಆದ್ರಿಂದ ಸ್ಲ್ಯಾಶ್ 30 ಎರಡು ಬೇಕು. ನಾನು ಎಂಟು ಐಪಿಯ ಒಂದು ಸ್ಲ್ಯಾಶ್ 29 ತೆಗೆದು ಅದನ್ನೇ ಎರಡು ಮಾಡ್ತೀನಿ, 60-40 ಸೈಟನ್ನ ಅಣ್ಣ ತಮ್ಮ ಎರಡು 30-40 ಮಾಡ್ಕೊಂಡ ಹಾಗೆ. 10.200.0.0/29 ತಗೊಂಡ್ರೆ 10.200.0.0/30 ಪ್ರೈಮರಿಗೆ, 10.200.0.4/30 ಸೆಕೆಂಡರಿಗೆ. ಸ್ಲ್ಯಾಶ್ 30 ಯಾವಾಗಲೂ ನಾಲ್ಕರ ಮಗ್ಗಿ ಮೇಲೇ ಶುರುವಾಗೋದು, 0, 4, 8, 12 ಹೀಗೆ, 10.200.0.2ರಿಂದ ಶುರು ಮಾಡ್ತೀನಿ ಅಂದ್ರೆ ಆಗಲ್ಲ. ಮತ್ತೆ ಈ ಬ್ಲಾಕ್ ನೀವು ಅಜೂರ್ ಒಳಗಿನ ನಿಮ್ಮ ನೆಟ್‌ವರ್ಕ್‌ಗೆ, ಅಂದ್ರೆ ವೀನೆಟ್‌ಗೆ ಕೊಟ್ಟಿರೋ ರೇಂಜ್ ಒಳಗೆ ಬೀಳಬಾರದು.

ಆಮೇಲೆ ಯಾರಿಗೆ ಯಾವ ಐಪಿ. ಮೊದಲ ಬಳಕೆಯ ಐಪಿ ನಮ್ಮ ರೌಟರ್‌ಗೆ, ಎರಡನೇದು ಮೈಕ್ರೋಸಾಫ್ಟ್‌ದು, ಹಾಗಾಗಿ ಪ್ರೈಮರಿಲಿ .1 ನಮ್ಮದು .2 ಅವರದ್ದು, ಸೆಕೆಂಡರಿಲಿ .5 ನಮ್ಮದು .6 ಅವರದ್ದು. ಅಮೆಜಾನ್‌ನ ಸೈಟ್ ಟು ಸೈಟ್ ವಿಪಿಎನ್ ಮಾಡಿ ಅಭ್ಯಾಸ ಇದ್ದವರು ಎಡವೋದು ಇಲ್ಲೇ, ಅಲ್ಲೂ ಟನಲ್ ಒಳಗೆ ಸ್ಲ್ಯಾಶ್ 30ನೇ, ಆದ್ರೆ ಮೊದಲನೇದು ಅಮೆಜಾನ್‌ದು ಎರಡನೇದು ನಮ್ಮದು, ಪೂರ್ತಿ ಉಲ್ಟಾ. ಅಲ್ಲಿ ಬ್ಲಾಕ್ ಕೂಡ 169.254ರಲ್ಲೇ ಬರ್ಬೇಕು, ಅದ್ರಲ್ಲೂ 169.254.169.252/30 ಥರದ ಕೆಲವನ್ನ ಅವರು ಕೊಡಲ್ಲ.

ಇನ್ನು ಮಾಸ್ಕ್ ಟೈಪ್ ಮಾಡೋದು, ನಾನೇ ಕೆಟ್ಟಿದ್ದು ಇಲ್ಲಿ. ಒಂದು ಕಡೆ ಲಿಂಕ್‌ಗೊಂದರಂತೆ ಎರಡು ರೌಟರ್ ಇತ್ತು, ಪ್ರೈಮರಿ ಇರೋ ಮೊದಲನೇದ್ರಲ್ಲಿ 252 ಹಾಕೋ ಬದ್ಲು 248 ಹಾಕ್ಬಿಟ್ಟೆ, ಅಂದ್ರೆ ಸ್ಲ್ಯಾಶ್ 29. ಪಿಂಗ್ ಬಂತು, ಎರಡು ಕಡೆ ರೌಟರ್‌ಗಳು ದಾರಿ ಹೇಳ್ಕೊಳ್ಳೋ ಬಿಜಿಪಿ ಎದ್ದು ನಿಂತ್ಕೊಂತು, ಎಲ್ಲಾ ಚೆನ್ನಾಗಿದೆ ಅಂತ ಮನೆಗ್ ಹೋದೆ. ಬೆಳಿಗ್ಗೆ ಮಾನಿಟರಿಂಗ್‌ನಲ್ಲಿ ಸೆಕೆಂಡರಿ ಕೆಂಪು. ಎರಡನೇ ರೌಟರ್‌ಗೆ ಲಾಗಿನ್ ಆಗಿ ನೋಡಿದ್ರೆ ಲಿಂಕ್ ಅಪ್, ಬಿಜಿಪಿನೂ ಅಪ್! ಆಗಿದ್ದೇನಂದ್ರೆ ಮಾನಿಟರಿಂಗ್ ಸರ್ವರ್ ಮೊದಲನೇ ರೌಟರ್ ಹಿಂದೆ ಇತ್ತು, ಆ ರೌಟರ್ 60-40 ಪೂರ್ತಿ ನಂದೇ ಅಂತ ಕಾಂಪೌಂಡ್ ಹಾಕ್ಕೊಂಡು ಕೂತಿತ್ತು, .5 ಎಲ್ಲಿ .6 ಎಲ್ಲಿ ಅಂತ ತನ್ನ ವೈರ್ ಮೇಲೇ ಎಆರ್‌ಪಿ (ಈ ಐಪಿ ಯಾರದ್ದು ಅಂತ ಕೇಳೋ ಪ್ರಶ್ನೆ) ಕೂಗ್ತಿತ್ತು, ಅಲ್ಲಿ ಓಗೊಡೋಕೆ ಯಾರೂ ಇಲ್ಲ. ಒಂದಂಕಿ ತಪ್ಪಿಗೆ ಅರ್ಧ ದಿನ. ಎರಡೂ ಲಿಂಕ್ ಒಂದೇ ರೌಟರ್‌ನಲ್ಲಿದ್ದಿದ್ರೆ ಸಿಸ್ಕೋ ರೌಟರ್ ಅಲ್ಲೇ ಓವರ್‌ಲ್ಯಾಪ್ ಅಂತ ಬೈದು ನಿಲ್ಲಿಸ್ತಿತ್ತು.

ಅದಕ್ಕೇ ಈಗ ಪಿಂಗ್ ಒಂದನ್ನೇ ನಂಬಲ್ಲ, ಎರಡೂ ರೌಟರ್‌ನಲ್ಲಿ ರೌಟಿಂಗ್ ಟೇಬಲ್ (ಯಾವ ಐಪಿಗೆ ಯಾವ ದಾರಿ ಅನ್ನೋ ಪಟ್ಟಿ) ತೆಗೆದು ಕನೆಕ್ಟೆಡ್ ಅಂತ ಬರೋ ಸಾಲಲ್ಲಿ ಸ್ಲ್ಯಾಶ್ 30 ಇದ್ಯಾ ಅಂತ ಕಣ್ಣಾರೆ ನೋಡ್ತೀನಿ. ಆಮೇಲೆ ಬಿಜಿಪಿ ಸಮ್ಮರಿ, ಎದುರುಗಡೆ ಎಎಸ್ ನಂಬರ್, ಅಂದ್ರೆ ಬಿಜಿಪಿಲಿ ಮೈಕ್ರೋಸಾಫ್ಟ್ ನೆಟ್‌ವರ್ಕ್‌ನ ಗುರುತಿನ ಅಂಕಿ, 12076 ಇರ್ಬೇಕು. ಸ್ಟೇಟ್ ಕಾಲಂನಲ್ಲಿ ಆಕ್ಟಿವ್ ಅಂತ ಕಂಡ್ರೆ ಖುಷಿ ಪಡ್ಬೇಡಿ, ಹೆಸರು ಹಂಗಿದೆ ಅಷ್ಟೆ, ಇನ್ನೂ ಕನೆಕ್ಟ್ ಆಗೋಕೆ ಒದ್ದಾಡ್ತಿದೆ ಅಂತ ಅರ್ಥ. ಅಲ್ಲಿ ಪದದ ಬದ್ಲು ಬರೀ ಅಂಕಿ (ಆ ಕಡೆಯಿಂದ ಬಂದ ದಾರಿಗಳ ಎಣಿಕೆ) ಬಂದಿದ್ರೆ ಲ್ಯಾಪ್‌ಟಾಪ್ ಮುಚ್ಚಬಹುದು.