ನಾನ್‌ಕಟಾಯಿ ಮಾಡುವಾಗ ತುಪ್ಪ ಕರಗಿಸಬೇಡಿ

ಕ್ರಿಸ್ಮಸ್‌ಗೆ ಪಕ್ಕದ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ. ಕಿಡಿಯೊ, ನೆವ್ರಿ, ರೋಸ್ ಕುಕ್ಕಿಸ್, ಜೊತೆಗೆ ಒಂದು ತುಂಡು ಪ್ಲಮ್ ಕೇಕ್. ಆ ತಟ್ಟೆಯನ್ನು ತೊಳೆದು ಖಾಲಿ ವಾಪಸ್ ಕೊಡಲು ಮಂಗಳೂರಿನಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಮನೆಯಿಂದ ಹೋಗುವುದು ನಾನ್‌ಕಟಾಯಿ. ಮೊಟ್ಟೆ ಬೇಡ, ಓವನ್ ಬೇಡ, ಹೊಸದಾಗಿ ಕಲಿಯುವವರಿಗೂ ಬರುತ್ತದೆ.

ಆದರೂ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಕಳೆದ ವರ್ಷ ನನ್ನ ಅಕ್ಕನ ಮಗಳು 12 ಉಂಡೆ ಇಟ್ಟಳು. ಮುಚ್ಚಳ ತೆಗೆದರೆ ನೀರು ದೋಸೆಯ ಹಾಗೆ ಒಂದೇ ಹಾಳೆ! "ಚಿಕ್ಕಮ್ಮ, ಅಳತೆ ಎಲ್ಲ ಸರಿಯೇ ಹಾಕಿದ್ದೇನೆ" ಎಂದು ಅಳುವುದೊಂದು ಬಾಕಿ. ಅಳತೆ ಸರಿಯೇ ಇತ್ತು. ತಪ್ಪಿದ್ದು ತುಪ್ಪದಲ್ಲಿ.

ಬೇಕಾಗುವುದು ಇಷ್ಟು: ಮೈದಾ 125 ಗ್ರಾಂ, ಕಡ್ಲೆಹಿಟ್ಟು 25 ಗ್ರಾಂ, ಚಿರೋಟಿ ರವೆ 2 ದೊಡ್ಡ ಚಮಚ, ಪುಡಿ ಸಕ್ಕರೆ 75 ಗ್ರಾಂ, ತುಪ್ಪ 100 ಗ್ರಾಂ, ಏಲಕ್ಕಿ ಪುಡಿ ಅರ್ಧ ಚಮಚ, ಅಡುಗೆ ಸೋಡಾ ಎರಡು ಚಿಟಿಕೆ, ಮೊಸರು 1 ಸಣ್ಣ ಚಮಚ, ಉಪ್ಪು ಒಂದು ಚಿಟಿಕೆ. ಮೇಲಿಡಲು ಗೇರುಬೀಜದ ತುಂಡು. ಇಡೀ ಬೀಜಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ತುಂಡಿಗೂ ಅದೇ ರುಚಿ. ಇಷ್ಟರಲ್ಲಿ ಸುಮಾರು 16 ಆಗುತ್ತವೆ.

ತುಪ್ಪದ ಬದಲು ವನಸ್ಪತಿ ಹಾಕಬೇಡಿ. ನಾನ್‌ಕಟಾಯಿ ಚೆನ್ನಾಗಿ ಎದ್ದು ನಿಲ್ಲುತ್ತದೆ, ನಿಜ. ಆದರೆ ತಿಂದ ಮೇಲೆ ಅಂಗುಳಿಗೆ ಮೇಣ ಮೆತ್ತಿದ ಹಾಗೆ ಇರುತ್ತದೆ. ಸಕ್ಕರೆಯನ್ನೂ ಮನೆಯಲ್ಲೇ ಮಿಕ್ಸಿಗೆ ಹಾಕಿ, ಜರಡಿ ಹಿಡಿಯಿರಿ. ಸೋಡಾ ಡಬ್ಬಿ ಹಳೆಯದಾಗಿದ್ದರೆ ಚೂರು ತೆಗೆದು ನಿಂಬೆರಸ ಹಿಂಡಿ ನೋಡಿ. ಬುಸ್ ಎಂದು ನೊರೆ ಬಾರದಿದ್ದರೆ ಎಸೆಯಿರಿ.

ಈಗ ತುಪ್ಪ. ನಮ್ಮ ಕರಾವಳಿಯಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ಡಬ್ಬಿಯಲ್ಲಿರುವ ತುಪ್ಪ ಅರ್ಧ ನೀರು, ಅರ್ಧ ಹರಳು. ಘಟ್ಟದ ಮೇಲಿನವರು "ತುಪ್ಪ ತೆಗೆದುಕೊಂಡು ನಾದಿ" ಎಂದು ಸುಮ್ನೆ ಹೇಳಿಬಿಡುತ್ತಾರೆ. ಅಲ್ಲಿ ಚಳಿಗೆ ಅದು ತಾನಾಗಿಯೇ ಗಟ್ಟಿ ಇರುತ್ತದೆ, ನಮಗೆ ಹಾಗಲ್ಲ. ಕರಗಿದ ತುಪ್ಪದೊಳಗೆ ಗಾಳಿ ನಿಲ್ಲುವುದಿಲ್ಲ. ಬಿಸಿ ತಾಗಿದ ಕೂಡಲೇ ಅದು ಹಿಟ್ಟನ್ನು ಬಿಟ್ಟು ಹರಿಯುತ್ತದೆ, ಉಂಡೆಯೂ ಅದರ ಜೊತೆ ಚಪ್ಪಟೆಯಾಗುತ್ತದೆ.

ಅದಕ್ಕೇ ಅಳತೆಯ ತುಪ್ಪವನ್ನು ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ, ಚಮಚದಲ್ಲಿ ಒಮ್ಮೆ ಕದಡಿ, ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. ಅರ್ಧ ಗಂಟೆಯ ನಂತರ ಬೆರಳಿಟ್ಟು ಒತ್ತಿ. ಗುಳಿ ಬಿದ್ದು, ಬಿದ್ದ ಹಾಗೇ ಉಳಿಯಬೇಕು. ಬೆರಳು ಒಳಗೆ ಜಾರಿದರೆ ಇನ್ನೂ ಸ್ವಲ್ಪ ಹೊತ್ತು ಇರಲಿ. ಕಲ್ಲಿನ ಹಾಗಾಗಿದ್ದರೆ ಹತ್ತು ನಿಮಿಷ ಹೊರಗಿಡಿ. ಒಲೆಯ ಮೇಲೆ ಮಾತ್ರ ಇಡಬೇಡಿ. ಒಮ್ಮೆ ಕರಗಿದರೆ ಪುನಃ ಮೊದಲಿಂದ ಶುರು ಮಾಡಬೇಕು.

ಈ ತುಪ್ಪವನ್ನು ಅಂಗೈಯಿಂದ ಪಾತ್ರೆಯ ತಳಕ್ಕೆ ಉಜ್ಜುತ್ತಾ ತಿಕ್ಕಿ. ಅಂಗೈಯ ಬಿಸಿಗೆ ಸಡಿಲವಾಗುತ್ತಿದೆ ಅನಿಸಿದರೆ ಮರದ ಚಮಚ ಹಿಡಿಯಿರಿ. ಮೊದಲು ಹಳದಿ, ಹರಳು ಹರಳು. ಮೂರು ನಿಮಿಷಕ್ಕೆ ನುಣ್ಣಗಾಗುತ್ತದೆ. ಆಗ ಸಕ್ಕರೆಯನ್ನು ಮೂರು ಸಲವಾಗಿ ಸೇರಿಸಿ. ಮತ್ತೆ ಐದಾರು ನಿಮಿಷ ತಿಕ್ಕುವಾಗ ಬಣ್ಣ ಬಿಳಿಚುತ್ತಾ ಬಂದು ಕೊನೆಗೆ ಹೊಸ ಬೆಣ್ಣೆಯಷ್ಟು ಬೆಳ್ಳಗಾಗುತ್ತದೆ. ಪಾತ್ರೆಯಲ್ಲಿದ್ದದ್ದು ಉಬ್ಬಿದಂತೆ ಕಾಣುತ್ತದೆ. ಬೆರಳಿನಿಂದ ಎತ್ತಿದರೆ ಸಣ್ಣ ಮೊನೆ ನಿಲ್ಲಬೇಕು, ಬಾಗಿ ಬೀಳಬಾರದು. ಕೈ ನೋಯುತ್ತದೆ ಎಂದು ಎರಡೇ ನಿಮಿಷಕ್ಕೆ ನಿಲ್ಲಿಸುವವರೇ ಜಾಸ್ತಿ. ಮಿಕ್ಸಿ ಜಾರಿಗೆ ಹಾಕಿ ತಿರುಗಿಸುವ ಅಡ್ಡದಾರಿಯನ್ನೂ ಬಿಡಿ. ಬ್ಲೇಡಿನ ಬಿಸಿಗೆ ತುಪ್ಪ ಕರಗಿಯೇ ಹೋಗುತ್ತದೆ.

ಮೊಸರು, ಏಲಕ್ಕಿ ಬೆರೆಸಿ. ಹಿಟ್ಟು, ರವೆ, ಸೋಡಾ, ಉಪ್ಪು ಒಟ್ಟಿಗೆ ಜರಡಿ ಹಿಡಿದು ಮೇಲೆ ಸುರಿಯಿರಿ. ಇನ್ನು ಬೆರಳ ತುದಿಯಷ್ಟೇ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮೈದಾಕ್ಕೆ ಎಳೆ ಬಂದು, ನಾನ್‌ಕಟಾಯಿ ಬಾಯಲ್ಲಿ ಕರಗುವ ಬದಲು ಕಟಂ ಎನ್ನುತ್ತದೆ. ಒಟ್ಟುಗೂಡಿಸಿ ಮುದ್ದೆ ಮಾಡಿ, ಅಷ್ಟೇ. ಉದುರುತ್ತಿದ್ದರೆ ಅರ್ಧ ಚಮಚ ತುಪ್ಪ ಸೇರಿಸಿ, ಹಾಲು ನೀರು ಮುಟ್ಟಿಸಬೇಡಿ. ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ತುಸು ಒತ್ತಿ, ಗೇರುಬೀಜ ಇಟ್ಟು, ಇನ್ನು 20 ನಿಮಿಷ ಫ್ರಿಜ್‌ಗೆ. ಇದನ್ನು ಬಿಡುವ ಹಾಗೇ ಇಲ್ಲ.

ಬೇಯಿಸಲು ಹಳೆಯ ದಪ್ಪ ತಳದ ಕುಕ್ಕರ್ ತೆಗೆಯಿರಿ. ನೀರಿಲ್ಲದೆ ಕಾಯುವುದರಿಂದ ಹೊಸದು ಹಾಳಾಗುತ್ತದೆ. ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದಿಡಿ. ಇದನ್ನು ಒಲೆ ಹಚ್ಚುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ. ತಳಕ್ಕೆ ಒಂದು ಇಂಚು ಹರಳುಪ್ಪು, ಅದರ ಮೇಲೆ ಸಣ್ಣ ಸ್ಟ್ಯಾಂಡ್. ಮುಚ್ಚಿ, ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ತಟ್ಟೆಗೆ ತುಪ್ಪ ಸವರಿ, ಎರಡು ಬೆರಳು ಅಂತರ ಬಿಟ್ಟು ಐದಾರು ಉಂಡೆ ಇಡಿ. ಉಳಿದವು ಫ್ರಿಜ್‌ನಲ್ಲೇ ಕಾಯಲಿ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಓವನ್ ಇದ್ದವರಿಗೆ 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಸಾಕು. ಅಲ್ಲಿ ತಟ್ಟೆಗೆ ಹಾಸುವ ಕಾಗದ ಬೇಕಿಂಗ್‌ನದ್ದೇ ಆಗಿರಲಿ, ಮೇಣ ಸವರಿದ ಕಾಗದ ಹೊಗೆಯಾಡುತ್ತದೆ.

ಮೇಲೆ ಬಿರುಕು ಬಿಟ್ಟಿರಬೇಕು, ಬಣ್ಣ ಬಿಳಿಚಿಯೇ ಇರುತ್ತದೆ. ಅಂಚಿನ ಬುಡ ಹೊಂಬಣ್ಣಕ್ಕೆ ತಿರುಗಿದರೆ ಆಯಿತು. ಮುಟ್ಟಿದರೆ ಮೆತ್ತಗಿರುತ್ತದೆ, ಹೆದರಬೇಡಿ. "ಬೆಂದಿಲ್ಲ" ಎಂದು ಇನ್ನೂ ಐದು ನಿಮಿಷ ಬಿಟ್ಟರೆ ತಳ ಕರಟುತ್ತದೆ. ತಟ್ಟೆಯಲ್ಲೇ 10 ನಿಮಿಷ ಬಿಡಿ, ತಾನಾಗಿ ಗಟ್ಟಿಯಾಗುತ್ತದೆ. ಕುಕ್ಕರ್‌ನ ಉಪ್ಪನ್ನು ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೂ ಆಗುತ್ತದೆ, ಸಾಂಬಾರಿಗೆ ಬೇಡ.

ಆರುವಷ್ಟರಲ್ಲಿ ಪೆಟ್ಟಿಗೆ ಮಾಡಬಹುದು. ಮುಗಿದ ತಿಂಗಳುಗಳ ದಪ್ಪ ಕ್ಯಾಲೆಂಡರ್ ಹಾಳೆ ಹೇಗೂ ಇರುತ್ತದೆ ಅಲ್ವಾ? 30 ಸೆಂಟಿಮೀಟರ್ ಚೌಕ ಒಂದು, 29ರದ್ದು ಇನ್ನೊಂದು ಕತ್ತರಿಸಿ. ದೊಡ್ಡದು ಮುಚ್ಚಳಕ್ಕೆ. ಚಿತ್ರ ಕೆಳಗೆ ಬರುವಂತಿಟ್ಟು, ನಾಲ್ಕು ಮೂಲೆಗಳನ್ನೂ ನಡುವಿಗೆ ಮಡಚಿ. ಆಮೇಲೆ ಎದುರುಬದುರು ಅಂಚುಗಳನ್ನು ನಡುವಿನ ಗೆರೆಗೆ ಮಡಚಿ ಬಿಚ್ಚಿ, ಇನ್ನೆರಡು ಅಂಚುಗಳಿಗೂ ಹಾಗೇ ಮಾಡಿ. ಎದುರುಬದುರಾದ ಎರಡು ಮೂಲೆ ಮಾತ್ರ ಪೂರ್ತಿ ಬಿಡಿಸಿ. ಮಡಚಿದ್ದ ಎರಡು ಬದಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ. ಬಿಡಿಸಿದ ಬದಿಯನ್ನು ಎತ್ತುವಾಗ ಪಕ್ಕದ ಮೂಲೆಗಳನ್ನು ಒಳಕ್ಕೆ ತಳ್ಳಿ, ತುದಿಯನ್ನು ಗೋಡೆಯ ಮೇಲಿಂದ ಒಳಗೆ ಇಳಿಸಿ ತಳಕ್ಕೆ ಒತ್ತಿ. ಇನ್ನೊಂದು ಬದಿಯೂ ಹೀಗೇ. ಅಂಟು ಬೇಡ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಗೀರಿದರೆ ಮಾತ್ರ ಗೋಡೆ ನೇರ ನಿಲ್ಲುತ್ತದೆ.

ಒಳಗೆ ಬಟರ್ ಪೇಪರ್ ಹಾಸಿ, ಮುದ್ರಣದ ಶಾಯಿ ತಿಂಡಿಗೆ ತಾಗಬಾರದು. ನಾಲ್ಕು ನಾಲ್ಕರಂತೆ ಎರಡು ಪದರ ಹಿಡಿಯುತ್ತದೆ. ಪೂರ್ತಿ ತಣಿದ ಮೇಲೆಯೇ ತುಂಬಿಸಿ, ಬಿಸಿ ಇದ್ದರೆ ಮುಚ್ಚಳದೊಳಗೆ ಬೆವರಿ ಮೆತ್ತಗಾಗುತ್ತದೆ. ನಮ್ಮ ಗಾಳಿಯ ತೇವಕ್ಕೆ ಕಾಗದದ ಪೆಟ್ಟಿಗೆ ಒಂದು ದಿನವಷ್ಟೇ ತಡೆಯುತ್ತದೆ. ಮನೆಗೆ ಉಳಿಸಿಕೊಂಡದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಪೆಟ್ಟಿಗೆಯನ್ನು ಅದೇ ತಟ್ಟೆಯಲ್ಲಿಟ್ಟು ಸಂಜೆಯೊಳಗೆ ಪಕ್ಕದ ಮನೆಗೆ ಮುಟ್ಟಿಸಿ.