ಮಿಕ್ಕ ಮಾತ್ರೆಗಳನ್ನು ಏನು ಮಾಡೋದು?

ವಿದೇಶಕ್ಕೆ ಹೊಸದಾಗಿ ಬಂದವರ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಹೊರಡುವಾಗ "ಇರಲಿ, ಬೇಕಾಗುತ್ತೆ" ಅಂತ ಮನೆಯವರು ತುಂಬಿ ಕಳಿಸಿದ ಜ್ವರದ ಮಾತ್ರೆ, ಕೆಮ್ಮಿನ ಸಿರಪ್, ಅರ್ಧ ಮಿಕ್ಕ ಆಂಟಿಬಯೋಟಿಕ್. ನಮ್ಮ ಮನೆಯಲ್ಲೂ ಇತ್ತು. ಮೂರು ವರ್ಷದ ಮೇಲೆ ಮನೆ ಬದಲಾಯಿಸುವಾಗ ತೆಗೆದು ನೋಡಿದರೆ ಮುಕ್ಕಾಲು ಪಾಲು ಅವಧಿ ಮುಗಿದಿತ್ತು. ಕೆಲವು ಸ್ಟ್ರಿಪ್‌ಗಳಲ್ಲಿ ತಾರೀಖೇ ಇರಲಿಲ್ಲ. ಕತ್ತರಿಸಿದ ತುಂಡಿನ ಜೊತೆ ಅದೂ ಹೋಗಿತ್ತು.

ತಾರೀಖು ಕಾಣದ್ದು, ಹೆಸರು ಅಳಿಸಿದ್ದು, ಎಲ್ಲ ಹೊರಗೆ. ತಿಂಗಳು, ವರ್ಷ ಮಾತ್ರ ಹಾಕಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಲೆಕ್ಕ. ಕಣ್ಣಿಗೆ ಹಾಕುವ ಡ್ರಾಪ್ಸ್ ಬೇರೆ ಕಥೆ. ಮುಚ್ಚಳ ತೆಗೆದ ಮೇಲೆ ಅವುಗಳಲ್ಲಿ ಎಷ್ಟೋ 28 ದಿನಕ್ಕೇ ಮುಗಿದವು ಅಂತ ಲೆಕ್ಕ, ಡಬ್ಬದ ಮೇಲಿನ ತಾರೀಖು ಮುಂದಿನ ವರ್ಷದ್ದಿದ್ದರೂ. ಮಿಕ್ಕ ಆಂಟಿಬಯೋಟಿಕ್ ಪಕ್ಕದ ಮನೆಯವರಿಗೆ ಕೊಡೋದಂತೂ ಬೇಡವೇ ಬೇಡ. ಅವರ ಕಾಯಿಲೆಗೆ ಅದು ಸರಿಯಾದ ಮದ್ದೋ ಅಲ್ವೋ, ಯಾರಿಗೆ ಗೊತ್ತು?

ಎಲ್ಲಿಗೆ ಒಯ್ಯೋದು? ಬ್ರಿಟನ್‌ನಲ್ಲಿ ತಲೆಬಿಸಿಯೇ ಇಲ್ಲ. ಹತ್ತಿರದ ಫಾರ್ಮಸಿಯ ಕೌಂಟರಿನಲ್ಲಿ ಕೊಟ್ಟರೆ ಆಯಿತು, ಅಲ್ಲೇ ಕೊಂಡಿರಬೇಕು ಅಂತಿಲ್ಲ. ಆಸ್ಟ್ರೇಲಿಯಾದಲ್ಲೂ ಫಾರ್ಮಸಿಗಳೇ ವಾಪಸ್ ಪಡೆಯುತ್ತವೆ, ಕೆನಡಾದಲ್ಲೂ ತುಂಬಾ ಕಡೆ ಹಾಗೇ.

ಅಮೆರಿಕದಲ್ಲಿ ಸ್ವಲ್ಪ ಗೊಂದಲ. ಅಲ್ಲಿ ಎಲ್ಲ ಫಾರ್ಮಸಿಯೂ ತೆಗೆದುಕೊಳ್ಳುವುದಿಲ್ಲ. ಕೆಲವು ಫಾರ್ಮಸಿ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ಅಂಚೆ ಡಬ್ಬಿಯಂಥ ಪೆಟ್ಟಿಗೆ ಇಟ್ಟಿರುತ್ತಾರೆ. ಮಾತ್ರೆ ಹಿಡಿದು ಪೊಲೀಸ್ ಠಾಣೆಗೆ ಹೋಗುವಾಗ ನನಗೆ ಎದೆ ಡವಡವ ಅಂದಿತ್ತು. ಯಾರೂ ಹೆಸರು ಸಹ ಕೇಳಲಿಲ್ಲ. ಇದಲ್ಲದೆ ಅಲ್ಲಿನ ಮಾದಕವಸ್ತು ನಿಯಂತ್ರಣ ಇಲಾಖೆ ಡಿಇಎ 2010ರಿಂದ 'ಟೇಕ್ ಬ್ಯಾಕ್ ಡೇ', ಅಂದರೆ ಮಿಕ್ಕ ಔಷಧಿ ವಾಪಸ್ ಪಡೆಯುವ ದಿನ, ನಡೆಸುತ್ತಿದೆ. ಸಾಮಾನ್ಯವಾಗಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಶನಿವಾರ.

ಇದ್ಯಾವುದೂ ಹತ್ತಿರದಲ್ಲಿಲ್ಲ ಅಂದರೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ದಾರಿ ಇದೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ, ಬಾಟಲಿಯಿಂದ ತೆಗೆಯಿರಿ. ಪುಡಿ ಮಾಡಬೇಡಿ. ಮಣ್ಣು, ಬಳಸಿದ ಕಾಫಿ ಚರಟ, ಬೆಕ್ಕಿನ ಲಿಟರ್ (ಬೆಕ್ಕಿನ ಮಲಮೂತ್ರಕ್ಕೆ ಹಾಸುವ ಹರಳು), ಹೀಗೆ ಯಾರೂ ಬಾಯಿಗೆ ಹಾಕದಂಥದ್ದರ ಜೊತೆ ಕಲಸಿ, ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಕಸಕ್ಕೆ ಹಾಕಿ. ಖಾಲಿ ಬಾಟಲಿಯ ಮೇಲಿನ ನಿಮ್ಮ ಹೆಸರು, ವಿವರಗಳನ್ನು ಕೆರೆದು ತೆಗೆಯೋದನ್ನು ಮರೆಯಬೇಡಿ.

ಕಮೋಡಿಗೆ ಸುರಿಯೋದು ಸುಲಭ ಅನಿಸುತ್ತದೆ, ನಾನೂ ಒಂದು ಕಾಲಕ್ಕೆ ಸುರಿದವನೇ. ಆದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ಔಷಧಿಯ ಅಂಶವನ್ನೆಲ್ಲ ಹಿಡಿಯುವುದಿಲ್ಲ. ಅದು ಹೊಳೆಗೇ ಹೋಗುತ್ತದೆ. ಅಮೆರಿಕದಲ್ಲಿ ಮಾತ್ರ ಒಂದು ವಿನಾಯಿತಿ ಇದೆ. ಫೆಂಟನಿಲ್, ಮಾರ್ಫಿನ್, ಆಕ್ಸಿಕೋಡೋನ್ ಥರದ ಕೆಲವು ಕಟು ನೋವಿನ ಮದ್ದುಗಳನ್ನು, ವಾಪಸ್ ಕೊಡುವ ದಾರಿ ಬೇಗ ಸಿಗದಿದ್ದರೆ, ಫ್ಲಶ್ ಮಾಡಿ ಅಂತಲೇ ಎಫ್‌ಡಿಎ ಪಟ್ಟಿ ಕೊಟ್ಟಿದೆ. ಒಂದೇ ಒಂದು ಡೋಸ್ ಮಗುವಿನ ಪ್ರಾಣ ತೆಗೆಯಬಹುದು, ಅದಕ್ಕೆ. ಮೈಗೆ ಅಂಟಿಸಿ ತೆಗೆದ ಫೆಂಟನಿಲ್ ಪ್ಯಾಚ್‌ನಲ್ಲೂ ಮದ್ದು ಸಾಕಷ್ಟು ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಬೇಕು. ಬೇರೆ ದೇಶದಲ್ಲಿದ್ದರೆ ಈ ಪಟ್ಟಿ ನೋಡಬೇಡಿ, ನಿಮ್ಮ ಫಾರ್ಮಸಿಸ್ಟ್ ಹೇಳಿದಂತೆ ಮಾಡಿ.

ಇನ್ಸುಲಿನ್ ಸೂಜಿಗಳನ್ನು ಈ ಗುಂಪಿಗೆ ಸೇರಿಸಬೇಡಿ. ಅವುಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೇರೆ ಡಬ್ಬ ಸಿಗುತ್ತದೆ. ಇನ್‌ಹೇಲರ್ ಖಾಲಿ ಅನಿಸಿದರೂ ಚುಚ್ಚಬೇಡಿ, ಸುಡಬೇಡಿ, ಸಿಡಿಯಬಹುದು.

ಅಪ್ಪ ಅಮ್ಮ ಬಂದು ಹೋದ ವಾರ ಒಮ್ಮೆ ಡ್ರಾಯರ್ ನೋಡಿ, ಏನಾದರೂ ಬಿಟ್ಟೇ ಹೋಗಿರುತ್ತಾರೆ. ಹೊರಗೆ ಹಾಕುವ ಮೊದಲು ಒಂದು ಫೋನ್ ಮಾಡಿ. ಕೇಳದೆ ಕೊಟ್ಟುಬಂದು, "ಮುಂದಿನ ಸಲಕ್ಕೆ ಅಂತ ಇಟ್ಟಿದ್ದೆ" ಅಂತ ನಮ್ಮತ್ತೆ ಹತ್ತಿರ ಬೈಸಿಕೊಂಡಿದ್ದೇನೆ.