ಪಂಪ್ ದೊಡ್ಡದಾದಷ್ಟೂ ನೀರು ತಣ್ಣಗೆ: ಆಲ್ದೂರಿನ ಬಿಸಿನೀರಿನ ಲೈನ್ ಸರಿ ಮಾಡಿದ ನನ್ನ ಅನುಭವ

ಬಚ್ಚಲುಗಳನ್ನು ಸುತ್ತಿದ ಬಿಸಿನೀರು ಟ್ಯಾಂಕಿಗೆ ವಾಪಸ್ ಬರುವ ಪೈಪು, ಅಂದರೆ ರಿಟರ್ನ್ ಲೈನಿನಲ್ಲಿದ್ದ ಪಂಪ್ ಕಿತ್ತು ಟ್ಯಾಂಕಿನ ಬಿಸಿನೀರಿನ ಬಾಯಿಗೆ ಕೂರಿಸುತ್ತೇನೆ ಅಂದಾಗ ಮೂರು ಜನ ನಕ್ಕರು. ಇಬ್ಬರು ನಮ್ಮ ಪ್ಲಂಬರ್‌ಗಳೇ. ಇನ್ನೊಬ್ಬರು ತೋಟದ ಸಾಹುಕಾರರ ಭಾವ, ಬೆಂಗಳೂರಿನಲ್ಲಿ ಇಂಜಿನಿಯರ್. ಅದಾಗಿ ಒಂದು ಮಳೆಗಾಲ, ಎರಡು ಕ್ರಿಸ್‌ಮಸ್ ಸೀಸನ್ ಕಳೆದಿದೆ. ತಣ್ಣೀರು ಬರ್ತಿದೆ ಅಂತ ಒಂದು ಫೋನೂ ಬಂದಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆಲ್ದೂರಿನ ಕಡೆ ಕಾಫಿ ತೋಟದೊಳಗಿನ ಹಳೇ ಬಂಗಲೆ, ಈಗ ಹೋಂಸ್ಟೇ. ಆರು ರೂಮು. ಹಿಂದುಗಡೆ ಸೌದೆ ಬಾಯ್ಲರ್, ಪಕ್ಕದಲ್ಲಿ 500 ಲೀಟರಿನ ಬಿಸಿನೀರಿನ ಟ್ಯಾಂಕ್. ಅಲ್ಲಿಂದ ಒಂದಿಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್ ಹೊರಟು ಆರೂ ಬಚ್ಚಲು ಮುಟ್ಟಿ ಮುಕ್ಕಾಲಿಂಚಿನಲ್ಲಿ ವಾಪಸ್ ಬರುತ್ತದೆ. ವಾಪಸ್ ಬರುವ ಕಡೆ ಪಂಪ್. ಎಲ್ಲರೂ ಅಲ್ಲೇ ಹಾಕುವುದು, ನಾನೂ ಅಲ್ಲೇ ಹಾಕುತ್ತಿದ್ದೆ. ನಾಲ್ಕನೇ ರೂಮು ದಾಟಿದ ಮೇಲೆ ಲೈನು ಅಟ್ಟ ಹತ್ತಿ ಇಳಿಯುತ್ತದೆ. ಹಳೇ ಗೋಡೆ ಒಡೆಯಬೇಡಿ ಅಂದಿದ್ದರಂತೆ. ಆ ಎತ್ತರದ ಜಾಗಕ್ಕೆ, ಪೈಪಿನೊಳಗಿನ ಗಾಳಿ ತಾನಾಗೇ ಹೊರಗೆ ಹೋಗಲಿ ಅಂತ ಆಟೋಮ್ಯಾಟಿಕ್ ಏರ್ ವೆಂಟ್ ಹಾಕಿದ್ದರು.

ಐದು ಮತ್ತು ಆರನೇ ರೂಮಿಗೆ ಬಿಸಿನೀರು ಬರಲ್ಲ ಅನ್ನೋದು ದೂರು. ಅದೂ ದಿನಾ ಅಲ್ಲ. ವಾರದ ಮಧ್ಯೆ ಒಬ್ಬಿಬ್ಬರಿದ್ದಾಗ ಸರಿ ಇರುತ್ತಿತ್ತು. ಶನಿವಾರ, ಭಾನುವಾರ ಮನೆ ತುಂಬಿದಾಗ, ಬೆಳಗ್ಗೆ ಏಳೂವರೆ ಆದಮೇಲೆ ಕೈಕೊಡುತ್ತಿತ್ತು. ಮುಳ್ಳಯ್ಯನಗಿರಿಗೆ ಬೇಗ ಹೊರಡಬೇಕು ಅಂತ ಸ್ನಾನಕ್ಕೆ ಇಳಿದವರ ಮೈಮೇಲೆ ಡಿಸೆಂಬರ್ ತಣ್ಣೀರು ಬಿದ್ದರೆ ಸುಮ್ಮನಿರುತ್ತಾರಾ? ನನಗಿಂತ ಮೊದಲು ಬಂದವರು ಪಂಪ್ ಸಾಲಲ್ಲ ಅಂತ ದೊಡ್ಡದು ಹಾಕಿಸಿದ್ದರು. ಹನ್ನೊಂದು ಸಾವಿರದ ಹತ್ತಿರ. ಅವತ್ತಿನಿಂದ ತೊಂದರೆ ವಾರದ ಏಳೂ ದಿನ. ಆಮೇಲೆ ಆ ಎರಡು ರೂಮಿಗೆ ಗೀಸರ್ ಬಂತು, ಅದೊಂದು ಹದಿನೈದು ಸಾವಿರ. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೇಗೆ ಅಂತ ನಿಮಗೆ ಗೊತ್ತಲ್ಲ, ಗೀಸರ್ ಇದ್ದೂ ಇಲ್ಲದ ಹಾಗೆ.

ನಾನೂ ಮೊದಲ ಸಲಕ್ಕೇ ಹಿಡಿಯಲಿಲ್ಲ. ಮೊದಲು ಹೋದಾಗ ಲೈನಿನ ಕಸ ತಡೆಯುವ ಜಾಲರಿ, ಸ್ಟ್ರೈನರ್ ಬಿಚ್ಚಿದೆ. ಒಂದು ಹಿಡಿ ತುಕ್ಕಿನ ಕೆಸರು ಬಂತು. ಸಿಕ್ಕಿತು ಅಂದುಕೊಂಡು ಖುಷಿಯಾಗಿ ಮನೆಗೆ ಬಂದೆ. ಮಾರನೇ ದಿನವೇ ಫೋನ್. ಎರಡನೇ ಸಲ ಪಂಪಿನ ಮೂತಿಯ ಸ್ಕ್ರೂ ಬಿಚ್ಚಿ ನೋಡಿದೆ, ಶಾಫ್ಟ್ ಚೆನ್ನಾಗೇ ತಿರುಗುತ್ತಿತ್ತು. ಸಂಜೆ ವೋಲ್ಟೇಜ್ 175ರ ಆಸುಪಾಸು ತೋರಿಸಿತು. ಇದೇ ಕಳ್ಳ ಅಂತ ಬೇರೆ ಸೈಟಿನಿಂದ ಸ್ಟೆಬಿಲೈಜರ್ ತಂದು ಹಾಕಿದೆ, ಏನೂ ಆಗಲಿಲ್ಲ. ರಿಟರ್ನಿನ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹೊಸದು ಹಾಕಿದೆ, ಆರುನೂರು ಕೈಯಿಂದ ಹೋಯಿತು. ಮೊದಲ ಎರಡು ರೂಮಿನ ವಾಲ್ವ್ ಅರ್ಧ ಬಿಗಿದು ನೀರನ್ನು ಮುಂದಕ್ಕೆ ದಬ್ಬಿದೆ. ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ.

ಏರ್ ಲಾಕ್, ಅಂದರೆ ಪೈಪಿನ ಎತ್ತರದ ಕಡೆ ಗಾಳಿ ಕೂತು ನೀರನ್ನು ತಡೆಯುತ್ತಿದೆ ಅನ್ನೋದು ಗೊತ್ತಾಗಿತ್ತು. ಅಟ್ಟದ ಮೇಲಿನ ಪೈಪಿನ ಪ್ಲಗ್ ಸಡಿಲಿಸಿದರೆ ಬುಸ್ ಅಂತ ಗಾಳಿ ಹೋಗಿ ಹತ್ತು ನಿಮಿಷದಲ್ಲಿ ಆರನೇ ರೂಮಿನ ನಲ್ಲಿ ಬಿಸಿ. ನಾಲ್ಕು ಗಂಟೆ ಕಳೆದರೆ ಮತ್ತೆ ತಣ್ಣಗೆ. ಕಾಯಿಸಿದ ನೀರಿನಿಂದ ಒಂದಿಷ್ಟು ಗಾಳಿ ಏಳುವುದು ಸರಿ, ಆದರೆ ಇಷ್ಟೊಂದಾ? ಒಂದೊಂದು ಜಾಯಿಂಟೂ ಒಣ ಬಟ್ಟೆಯಲ್ಲಿ ಒರೆಸಿ ನೋಡಿದೆ. ಎಲ್ಲೂ ಪಸೆ ಇಲ್ಲ. ನೀರೇ ಹೊರಗೆ ಬಾರದ ಕಡೆ ಗಾಳಿ ಹೇಗೆ ಒಳಗೆ ಹೋಗುತ್ತೆ ಅಂತ ಎರಡು ರಾತ್ರಿ ತಲೆ ಕೆಡಿಸಿಕೊಂಡೆ.

ಸುಳಿವು ಕೊಟ್ಟವರು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು. "ಮುಂಚೆ ಚಿಕ್ಕ ಪಂಪ್ ಇದ್ದಾಗ, ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ ಗಾಳಿ ತೆಗೆದ್ರೆ ಮಧ್ಯಾಹ್ನದವರೆಗೂ ಸರಿಯಾಗಿರ್ತಿತ್ತು ಅಣ್ಣ" ಅಂದರು. ಮೇಲಿನ ಟ್ಯಾಂಕಿಗೂ ಅಟ್ಟದ ಪೈಪಿಗೂ ಏನೋ ಇದೆ ಅಂತ ಆಗ ಹೊಳೆಯಿತು.

ಗಾರೆಯವರ ಹತ್ತಿರ ಲೆವೆಲ್ ಪೈಪ್ ಈಸಿಕೊಂಡೆ. ಅದೇ, ಮಟ್ಟ ನೋಡುವ ಪಾರದರ್ಶಕ ಟ್ಯೂಬ್. ಅಟ್ಟದ ಮೇಲಿನ ಪ್ಲಗ್ ತೆಗೆದು ಅಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿ ತೊಲೆಗೆ ಕಟ್ಟಿದೆ. ಮಬ್ಬುಗತ್ತಲಲ್ಲಿ ನೀರು ಕಾಣಲಿ ಅಂತ ಟ್ಯೂಬಿನೊಳಗೆ ಸ್ವಲ್ಪ ಕಾಫಿ ಡಿಕಾಕ್ಷನ್ ಬಿಟ್ಟೆ. ಪಂಪ್ ಆಫ್ ಇದ್ದಾಗ ಕಂದು ನೀರು ಪೈಪಿನಿಂದ ಮೂರೂವರೆ ಅಡಿ ಮೇಲೆ ನಿಂತಿತ್ತು, ಸರಿಯಾಗಿ ಓವರ್‌ಹೆಡ್ ಟ್ಯಾಂಕಿನ ಮಟ್ಟಕ್ಕೆ. ಹುಡುಗನಿಗೆ ಪಂಪ್ ಹಾಕು ಅಂದೆ. ನೋಡನೋಡುತ್ತಿದ್ದಂತೆ ನೀರು ಇಳಿಯಿತು. ಎರಡಡಿ, ಮೂರಡಿ, ಆಮೇಲೆ ಟ್ಯೂಬೇ ಖಾಲಿ. ಗೊಳಗೊಳ ಅಂತ ಲೈನು ಗಾಳಿ ಕುಡಿಯಲು ಶುರು ಮಾಡಿತು. ಟ್ಯೂಬಿನ ತುದಿಗೆ ಹೆಬ್ಬೆಟ್ಟು ಇಟ್ಟರೆ ಒಳಗೆ ಎಳೆಯುತ್ತಿತ್ತು. ಹಳೇ ಚಿಕ್ಕ ಪಂಪ್ ಜೋಡಿಸಿ ಮತ್ತೆ ನೋಡಿದೆ, ಅದು ಎರಡೂವರೆ ಅಡಿ ಇಳಿಸಿ ನಿಲ್ಲುತ್ತಿತ್ತು.

ಲೆಕ್ಕ ಅಲ್ಲೇ ಸಿಕ್ಕಿತು. ಮೇಲಿನ ಟ್ಯಾಂಕ್ ತುಂಬಿದ್ದಾಗ ಚಿಕ್ಕ ಪಂಪಿಗೆ ಒಂದಡಿ ಮಿಗುತ್ತಿತ್ತು. ಎಲ್ಲರೂ ಸ್ನಾನ ಮಾಡಿ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದರೆ ಏರ್ ವೆಂಟೇ ಗಾಳಿ ಒಳಗೆ ಎಳೆಯುತ್ತಿತ್ತು. ದೊಡ್ಡ ಪಂಪಿಗೆ ತುಂಬಿದ ಟ್ಯಾಂಕೂ ಸಾಲಲಿಲ್ಲ. ಗಾಳಿ ಹೊರಗೆ ಹೋಗಲಿ ಅಂತ ಹಾಕಿದ ಸಾಮಾನೇ ಗಾಳಿ ಒಳಗೆ ಬಿಡುತ್ತಿತ್ತು. ಇಷ್ಟು ದಿನ ನಾವು ಅದನ್ನು ಒರೆಸಿ ಒರೆಸಿ ನೋಡುತ್ತಿದ್ದೆವು.

ಮೇಲಿನ ಟ್ಯಾಂಕಿನ ನೀರು ಬಿಸಿನೀರಿನ ಟ್ಯಾಂಕಿಗೆ ಬಂದು ಸೇರುತ್ತದೆ. ಪಂಪ್ ಓಡಲಿ, ನಿಲ್ಲಲಿ, ಅಲ್ಲಿ ಪ್ರೆಷರ್ ಬದಲಾಗಲ್ಲ. ಪಂಪ್ ರಿಟರ್ನಿನಲ್ಲಿದ್ದರೆ ಇಡೀ ಲೈನನ್ನು ಹೀರುತ್ತದೆ. ಟ್ಯಾಂಕಿನ ಬಾಯಲ್ಲಿದ್ದರೆ ಇಡೀ ಲೈನನ್ನು ತಳ್ಳುತ್ತದೆ. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ರೇಡಿಯೇಟರ್ ಲೈನುಗಳಿಗೂ ಇದೇ ನಿಯಮ.

ನಕ್ಕವರ ವಾದ ಒಂದೇ: ಬಿಸಿ ನೀರಿಗೆ ಪಂಪ್ ಸುಟ್ಟುಹೋಗುತ್ತೆ. ಪಂಪಿನ ಪ್ಲೇಟ್ ಮೇಲೆ 110 ಡಿಗ್ರಿ ಅಂತ ಬರೆದಿದೆ, ನಮ್ಮ ಟ್ಯಾಂಕ್ 70 ದಾಟಲ್ಲ. ಮನೆಯ ಪ್ರೆಷರ್ ಪಂಪ್ ತಂದು ಅಲ್ಲಿ ಕೂರಿಸಿದರೆ ಸೀಲ್ ಹೋಗುತ್ತೆ, ಅದು ಬೇರೆ ಮಾತು. ಹಳೇ ಚಿಕ್ಕ ಪಂಪನ್ನೇ ಶಾಫ್ಟ್ ಅಡ್ಡ ಮಲಗುವ ಹಾಗೆ ಕೂರಿಸಿದೆ. ಎರಡು ಯೂನಿಯನ್, ಎರಡು ಬಾಲ್ ವಾಲ್ವ್, ಮೂರಡಿ ಪೈಪ್. ಒಂದು ಬೆಳಗಿನ ಕೆಲಸ. ಆಮೇಲೆ ಪಂಪ್ ಹಾಕಿದಾಗ ಟ್ಯೂಬಿನಲ್ಲಿ ನೀರು ಮೇಲೇರಿ ತುದಿಯಿಂದ ಚಿಮ್ಮಿ ಹುಡುಗನ ತಲೆ ನೆನೆಯಿತು. ಸಾಹುಕಾರರು ಏಣಿಯ ಮೇಲೆ ನಿಂತು ಕಣ್ಣಾರೆ ನೋಡಿದರು. ಅದೇ ಏರ್ ವೆಂಟ್ ಅರ್ಧ ಗಂಟೆ ಗಾಳಿ ಉಗುಳಿ ಸುಮ್ಮನಾಯಿತು. ಮೊದಲು 62 ಡಿಗ್ರಿ ಹೋಗಿ 30ರ ಹತ್ತಿರ ವಾಪಸ್ ಬರುತ್ತಿತ್ತು, ಈಗ 60 ಹೋದರೆ 51 ಬರುತ್ತದೆ.

ಅಲ್ಲಿದ್ದಾಗಲೇ ಪಂಪ್ ಇಲ್ಲದೆ ನೀರು ತಾನಾಗೇ ಸುತ್ತುತ್ತಾ ಅಂತಲೂ ನೋಡಿದೆ. ಬಾಯ್ಲರ್ ಹತ್ತಿರದ ಎರಡು ರೂಮಿಗೆ ಮುಕ್ಕಾಲು ಗಂಟೆಗೆ ಉಗುರು ಬೆಚ್ಚಗಿನ ನೀರು ಬಂತು, ಅಷ್ಟೇ. 20 ಡಿಗ್ರಿಯ ಒಂದು ಲೀಟರ್ ನೀರಿಗಿಂತ 60 ಡಿಗ್ರಿಯದ್ದು ಹದಿನೈದು ಗ್ರಾಂ ಹಗುರ. ಒಂದು ಮೀಟರ್ ಎತ್ತರಕ್ಕೆ ಸಿಗುವ ತಳ್ಳು ಹದಿನೈದು ಮಿಲಿಮೀಟರ್ ನೀರಿನಷ್ಟು ಮಾತ್ರ. ಉದ್ದ ಲೈನಿಗೆ ಅದು ಎಲ್ಲಿ ಸಾಲುತ್ತೆ? ಸೌದೆ ಬದಲು ಕಾಫಿ ಹೊಟ್ಟು ಉರಿಸಿಯೂ ನೋಡಿದೆವು. ಒಣಗಿದ್ದರೆ ಬೆಂಕಿ ಜೋರು, ಆದರೆ ಗಳಿಗೆಗೊಮ್ಮೆ ಸುರಿಯುತ್ತಲೇ ಇರಬೇಕು. ರೈಟರು ಎರಡೇ ದಿನಕ್ಕೆ ಬೇಡ ಅಂದರು.

ನಾನು ತೆಗೆದುಕೊಂಡದ್ದು ಸಾಮಾನೂ ಸೇರಿ ಆರೂವರೆ ಸಾವಿರ. ಮೊದಲ ಮೂರು ಓಡಾಟದ ಪೆಟ್ರೋಲ್ ನನ್ನದೇ. ಅವರು ಅದಕ್ಕೆ ಮೊದಲು ಕಳೆದದ್ದು ಇಪ್ಪತ್ತಾರು ಸಾವಿರಕ್ಕೆ ಕಡಿಮೆ ಇಲ್ಲ.

ಇದನ್ನು ಮಾಡಲು ಹೊರಟವರಿಗೆ ಒಂದು ಮಾತು. ಬಿಸಿನೀರಿನ ಟ್ಯಾಂಕಿನಿಂದ ಆವಿ ಹೊರಗೆ ಹೋಗುವ ವೆಂಟ್ ಪೈಪ್ ಮೇಲಿನ ಟ್ಯಾಂಕಿಗಿಂತ ಎತ್ತರ ಹೋಗಿರಬೇಕು. ಸೌದೆ ಬಾಯ್ಲರ್ ಇರುವ ಕಡೆ ಆ ಪೈಪಿಗೆ ಯಾವತ್ತೂ ವಾಲ್ವ್ ಹಾಕಬೇಡಿ. ಉರಿಯುವ ಸೌದೆಗೆ ಸ್ವಿಚ್ ಇಲ್ಲ. ಇನ್ನು ಖಾಲಿ ಲೈನನ್ನು ಒಂದೇ ಸಲಕ್ಕೆ ಗಾಳಿ ಉಳಿಯದಂತೆ ತುಂಬಿಸಲು ಯಾವ ವಾಲ್ವ್ ಮೊದಲು, ಯಾವುದು ಆಮೇಲೆ ಅನ್ನೋದು ನನ್ನ ಕೈಯಲ್ಲೇ ಇರಲಿ. ಅದು ನನ್ನ ಅನ್ನ.

ದೊಡ್ಡ ಪಂಪ್ ಬಾಯ್ಲರ್ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಸಕಲೇಶಪುರದ ಕಡೆ ಹನ್ನೆರಡು ರೂಮಿನ ಕೆಲಸ ಬಂದಿದೆ, ಅಲ್ಲಿಗೆ ಆದರೆ ಅದನ್ನು ಅರ್ಧ ರೇಟಿಗೆ ಕೊಡುತ್ತೇನೆ ಅಂತ ಸಾಹುಕಾರರು ಅಂದಿದ್ದಾರೆ. ಹೋಗಿ ಮೊದಲು ಲೆವೆಲ್ ಪೈಪ್ ಕಟ್ಟಿ ನೋಡಬೇಕು.